ಕೋಣದ ಹಗ್ಗ ಕಟ್ಟಿದ ಟ್ರ್ಯಾಕ್ಟರ್

ಬಂಟ್ವಾಳದ ಬಾವಾಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಳೆಯ ಟ್ರ್ಯಾಕ್ಟರುಗಳನ್ನು ಟ್ರೈಲರಿನಲ್ಲಿ ಸಾಗಿಸುವ ಅವರು ತಾವೇ ಚೈನ್ ಬಿಗಿಯದೆ ಎಂದೂ ಹೊರಟವರಲ್ಲ. ಮೊನ್ನೆ ಅಳದಂಗಡಿಯಲ್ಲಿ ಅವರು ಚಹಾ ಕುಡಿದು ಬರುವಷ್ಟರಲ್ಲಿ, ಕಂಬಳದ ಕೋಣ ಸಾಕುವ ಭೋಜಣ್ಣ ಪುತ್ತಿಗೆಯ ಹಳೆ ವಾಹನಗಳ ಪ್ರದರ್ಶನಕ್ಕೆ ಒಯ್ಯಬೇಕಿದ್ದ ತಮ್ಮ ಅಪ್ಪನ ಕಾಲದ ಟ್ರ್ಯಾಕ್ಟರನ್ನು ಟ್ರೈಲರಿಗೆ ಕೋಣದ ಹಗ್ಗದಲ್ಲೇ ಕಟ್ಟಿ ಮುಗಿಸಿದ್ದರು. ಅದೂ ಸಡಿಲವಾಗಿ.

“ಇದೆಂಥದ್ದು?” ಬಾವಾಕ ಗುಡುಗಿದರು.

“ಬಿಗಿದರೆ ಹೊಸ ಪೈಂಟ್ ಹೋಗ್ತದೆ. ನಮ್ಮ ಕೋಣಗಳನ್ನು ಹೀಗೇ ಅಲ್ವಾ ಕೊಂಡುಹೋಗುವುದು?”

“ತಿರುವಿನಲ್ಲಿ ಕೋಣ ಕಾಲು ಊರಿ ನಿಲ್ತದೆ ಮಾರಾಯ್ರೆ! ಇದಕ್ಕೆ ಜೀವ ಉಂಟಾ? ಒಮ್ಮೆ ಜಾರಿದರೆ ನೇರ ರಸ್ತೆಗೆ!”

“ಪುತ್ತಿಗೆ ಎಷ್ಟು ದೂರ ಬಾವಾಕ? ಮೆಲ್ಲ ಹೋಗುವ.”

ಬಾವಾಕ ಕೈಯಲ್ಲಿದ್ದ ಚೈನನ್ನು ನೆಲಕ್ಕೆ ಬಿಸಾಡಿದರು. ಅಂಗಳದಲ್ಲಿ ಭೋಜಣ್ಣನ ಮಗಳು ನವ್ಯಾ ತಾನೂ ಪ್ರದರ್ಶನಕ್ಕೆ ಹೊರಟು ಸ್ಕೂಟರ್ ತಿರುಗಿಸುತ್ತಿದ್ದಳು.

“ಸರಿ, ಹಗ್ಗ ಹಾಗೇ ಇರಲಿ. ಮಗಳಿಗೆ ನನ್ನ ಟ್ರೈಲರಿನ ಹಿಂದೆಯೇ ಬರ್ಲಿಕ್ಕೆ ಹೇಳಿ.”

ಭೋಜಣ್ಣ ಮಗಳತ್ತ ನೋಡಿದರು. ಆಮೇಲೆ ಟ್ರೈಲರ್ ಹತ್ತಿ, ತಾವು ಹಾಕಿದ ಗಂಟುಗಳನ್ನು ತಾವೇ ಬಿಚ್ಚತೊಡಗಿದರು.