ಹುಳು ಜ್ವರಕ್ಕೆ ಕೂತಾಗ ಓದಿದ ಪ್ರೇಮಕಥೆಗಳು

ಮೊನ್ನೆ ಕೋಲಾರದ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ರೇಷ್ಮೆ ಸೊಪ್ಪಿನ ಮೂಟೆ ಇಟ್ಟರು. ಒದ್ದೆ ಗೋಣಿಯೊಳಗಿನ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾದಂಬರಿ ಮಡಚಿಟ್ಟೆ. ಪತ್ರಿಕೆಯೊಂದಕ್ಕೆ ಪ್ರೇಮ ಕಾದಂಬರಿಗಳ ವಿಮರ್ಶೆ ಬರೆಯುವವಳು ನಾನು. ಬರೆದು ಕಳಿಸುವ ದಿನ ಹತ್ತಿರವಾಗಿತ್ತು. ಆದರೂ ಇಳಿಯುವವರೆಗೆ ಎದುರುಮನೆ ಅತ್ತೆಯನ್ನು ಬಿಟ್ಟು ಬೇರೇನೂ ತಲೆಗೆ ಹತ್ತಲಿಲ್ಲ...

ಹುತ್ತೂರು ಕಡೆಯ ನಮ್ಮ ಊರಿನಲ್ಲಿ ಅತ್ತೆ ರೇಷ್ಮೆ ಹುಳು ಸಾಕುತ್ತಿದ್ದರು. ಸಂಬಂಧದಲ್ಲಿ ಅತ್ತೆಯೇನಲ್ಲ, ಕರೆದು ಕರೆದು ಆದವರು. ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಯ ಹಳ್ಳಿಯಿಂದ ಸೊಸೆಯಾಗಿ ಬಂದವರು. ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಪಟಪಟನೆ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಕಥೆಯ ಹುಚ್ಚು ಮಾತ್ರ ವಿಪರೀತ. ಕೋಲಾರದ ಕಾಲೇಜಿಗೆ ಹೋಗುತ್ತಿದ್ದ ನಾನು ಬಾಡಿಗೆ ಪುಸ್ತಕದ ಅಂಗಡಿಯಿಂದ ಕಾದಂಬರಿ ತಂದು, ಅವರ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದೆ.

ಅದಕ್ಕೂ ಹೊತ್ತುಗೊತ್ತು ಇತ್ತು. ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಅತ್ತೆಗೆ ಬಿಡುವು. ಹುಳು ಎದ್ದರೆ ಕಥೆ ಎಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕು. "ಬೇಗ ಬೇಗ ಮದುವೆ ಮಾಡಿಸ್ಬಿಡೇ ಅಮ್ಮಣ್ಣಿ, ಸಾಯಂಕಾಲಕ್ಕೆ ಇವು ಎದ್ಬಿಡ್ತವೆ" ಎಂದು ಅವಸರಪಡಿಸುತ್ತಿದ್ದರು.

ವಿಮರ್ಶೆ ಎಂದರೇನೆಂದು ನಾನು ಕಂಡಿದ್ದು ಅಲ್ಲೇ. ಅರಮನೆಯ ಪ್ರೇಮಕಥೆಯಾದರೆ, ಅಷ್ಟೊಂದು ಒಡವೆ ಹೇರಿಕೊಂಡು ಇವಳು ನಿದ್ದೆ ಹೇಗೆ ಮಾಡುತ್ತಾಳೆ ಅನ್ನುವರು. ಪಾಳುಬಂಗಲೆಯ ದೆವ್ವದ ಪ್ರೇಮಕ್ಕೆ ಹೆದರಿ ನನ್ನ ಮೊಣಕೈ ಹಿಡಿದುಕೊಂಡಿದ್ದವರು, ಕೊನೆಗೆ ಆ ದೆವ್ವದ ಮೇಲೇ ಮರುಕಪಟ್ಟರು. ಸೆಂಟು ಹಾಕಿಕೊಂಡು ಆಫೀಸಿಗೆ ಹೋಗುವ ನಾಯಕಿಯನ್ನು "ಇವಳನ್ನ ನಮ್ಮ ಹುಳುಮನೆಗೆ ಸೇರಿಸೋ ಹಂಗಿಲ್ಲ" ಎಂದು ತಳ್ಳಿಹಾಕಿದರು. ಘಮಘಮ ಅನ್ನುವ ಯಾವುದೂ ಹುಳುಗಳಿಗೆ ಆಗದು. ಸಾಹುಕಾರ ನಾಯಕ ನಾಯಕಿಯ ಕೈಹಿಡಿದು ಕಾರಿಗೆ ಹತ್ತಿಸಿಕೊಂಡಾಗ ನಾನು ಕರಗಿ ನೀರಾದರೆ, ಅತ್ತೆಯದು ಒಂದೇ ಪ್ರಶ್ನೆ: "ಅವಳನ್ನ ಒಂದು ಮಾತು ಕೇಳಿದ್ನಾ?" ನನಗೆ ರೇಗುತ್ತಿತ್ತು. ಪ್ರೇಮದಲ್ಲಿ ಕೇಳುವುದೇನು ಬಂತು!

ಡಿಗ್ರಿಯ ಕೊನೆಯ ವರ್ಷ ಮಾಲೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಕಾದಂಬರಿಯ ಮುಖಪುಟದಿಂದ ಇಳಿದು ಬಂದ ಹಾಗಿದ್ದ, ಕಾರೂ ಇತ್ತು. ಅವರು ನೋಡಿಹೋದ ಮಧ್ಯಾಹ್ನ, ಮಲ್ಲಿಗೆ ಮುಡಿದು ಪೌಡರ್ ಬಳಿದುಕೊಂಡಿದ್ದ ಹಾಗೇ ಅತ್ತೆಯ ಹುಳುಮನೆಗೆ ಓಡಿದೆ. "ಅಲ್ಲೇ ನಿಲ್ಲೇ!" ಎಂದು ಕೂಗಿದರು. ಕಿಟಕಿಯ ಬಲೆಯ ಆಚೆ ಅವರು, ಈಚೆ ನಾನು. ಎಲ್ಲ ಹೇಳಿದೆ. ಬೇಗನೆ ಮದುವೆಯಂತೆ, ಇನ್ನು ಕಾಲೇಜು ಬೇಡವಂತೆ, ರಾಣಿ ಹಾಗೆ ನೋಡಿಕೊಳ್ಳುತ್ತಾನಂತೆ.

"ಸರೇ. ನಿನ್ನ ಏನು ಕೇಳ್ದ?"

ಯೋಚಿಸಿದೆ. ಅಪ್ಪನನ್ನು ಜಮೀನಿನ ಬಗ್ಗೆ ಕೇಳಿದ್ದ. ಅಮ್ಮನನ್ನು ಇನ್ನೊಂದು ಲೋಟ ಕಾಫಿ ಕೇಳಿದ್ದ. ನನ್ನನ್ನು... ಕಣ್ಣಲ್ಲಿ ನೀರು ಬಂತು. ಓದು ಮುಗಿಸುವ ಆಸೆ ನನಗೆ ಎಷ್ಟಿತ್ತು ಎನ್ನುವುದು ನನಗೇ ಗೊತ್ತಾದದ್ದು ಆಗ.

ಹುಳುಗಳು ಕೊನೆಯ ಜ್ವರ ಬಿಟ್ಟೆದ್ದು ಹಗಲೂ ರಾತ್ರಿ ಮೇಯುವ ದಿನಗಳವು. ಮನೆಗೆ ನೆಂಟರು ಬಂದರೂ ಅತ್ತೆ ಹುಳುವಿನ ತಟ್ಟೆಗಳನ್ನು ಬಿಟ್ಟು ಕದಲುತ್ತಿರಲಿಲ್ಲ. ಅಂದು ಸೊಪ್ಪು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಜೊತೆ ಬಂದರು. ಅಪ್ಪ ಪಂಚಾಂಗ ಹಿಡಿದು ಕೂತಿದ್ದರು.

"ಎಲ್ಲರನ್ನೂ ಕೇಳಿದ್ದಾಯ್ತು. ಮಗೂನೂ ಒಂದು ಮಾತು ಕೇಳಣ್ಣಾ" ಎಂದರು ಅತ್ತೆ.

"ಹೆಣ್ಣುಮಕ್ಕಳನ್ನ ಕೇಳ್ಕೊಂಡು ಯಾರಮ್ಮಾ ಸಂಬಂಧ ಮಾಡ್ತಾರೆ?" ಅಪ್ಪ ಸಿಡುಕಿದರು.

ಅತ್ತೆ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಕೊನೆಗೆ ಅಪ್ಪನೇ ಪಂಚಾಂಗ ಮಡಚಿಟ್ಟು ನನ್ನ ಕಡೆ ತಿರುಗಿ, "ಏನಮ್ಮಾ, ನಿಂಗೇನು ಬೇಕು?" ಎಂದರು. ಓದು ಮುಗಿಸ್ತೀನಿ ಎಂದೆ. ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರೂ, ಮಾಲೂರಿನವರಿಗೆ ಬೇಡವೆಂದು ಹೇಳಿಕಳಿಸಿದ್ದೂ ಅಪ್ಪನೇ.

ನನ್ನ ಓದು, ಈ ಬರವಣಿಗೆ, ಆಮೇಲೆ ನನ್ನನ್ನು ಕೇಳಿ ಕೈಹಿಡಿದ ಗಂಡ, ಎಲ್ಲಕ್ಕೂ ನಾನು ಅತ್ತೆಗೆ ಋಣಿ. ನನ್ನ ಮೊದಲ ವಿಮರ್ಶೆ ಅಚ್ಚಾದಾಗ ಅವರು ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂತು ಓದಿ ಹೇಳಿದೆ. ಎಲ್ಲ ನಿಮ್ಮಿಂದಲೇ ಎಂದು ಕೈ ಹಿಡಿದುಕೊಂಡೆ. ಯಾವ ಕಥೆಗೂ ಅದೊಂದೇ ಪ್ರಶ್ನೆ ಯಾಕೆ ಕೇಳುತ್ತಿದ್ದಿರಿ ಅಂದೆ.

"ನನ್ನ ಯಾರೂ ಕೇಳ್ಲಿಲ್ಲ ಕಣೇ. ಬಸ್ ಹತ್ತಿದ ಮೇಲೇ ಗೊತ್ತಾಗಿದ್ದು, ಹೋಗ್ತಿರೋದು ನನ್ನ ಮದುವೆಗೇ ಅಂತ."

"ಕೇಳಿದ್ರೆ ಏನಂತಿದ್ರಿ ಅತ್ತೆ?"

"ಒಲ್ಲೆ ಅಂತಿದ್ದೆ" ಎಂದು ನಕ್ಕರು. ಆಮೇಲೆ ನನ್ನ ಕೆನ್ನೆ ಸವರಿ, "ಆದ್ರೆ ಆಗ ನಿನ್ನ ಕೇಳೋರು ಯಾರಿದ್ರು ಅಮ್ಮಣ್ಣಿ..." ಎಂದರು.

ಆ ಬೇಸಿಗೆ ದಾಟಲಿಲ್ಲ ಅವರು. ಹುಳುಮನೆಯಲ್ಲಿ ಈಗ ಟೊಮೆಟೊ ಕ್ರೇಟುಗಳಿವೆ. ಕಾದಂಬರಿಗಳು ಮನೆಗೆ ಬರುತ್ತಲೇ ಇವೆ, ನಾನು ಓದಿ ಬರೆಯುತ್ತಲೇ ಇದ್ದೇನೆ. ಚೆನ್ನಾಗಿರುವ ಪುಟ ಸಿಕ್ಕಾಗ ತಲೆ ಎತ್ತಿ ನೋಡುತ್ತೇನೆ, ಗಟ್ಟಿಯಾಗಿ ಓದಿ ಹೇಳಲು ಎದುರಿಗೆ ಯಾರೂ ಇರುವುದಿಲ್ಲ.