ಗ್ವಾಡಿಗೆ ಬೈಯುತ್ತಿದ್ದ ಗೌಂಡಿ

ರಬಕವಿಯ ನಮ್ಮ ಓಣಿಯಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ಗ್ವಾಡಿಗೆ, ಅಂದರೆ ಗೋಡೆಗೆ, ಬೈಯದೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಕಿವಿಯ ಹಿಂದಿನ ಬೀಡಿ ತೆಗೆದು ಸೇದದೆ ಬರೇ ಮೂಸುತ್ತಿದ್ದ. ಆಮೇಲೆ ಬೆರಳಿನಿಂದ ಗ್ವಾಡಿ ಬಡಿದು, "ಮ್ಯಾಲೆ ಪೌಡರ್, ಒಳಗ ನೆಗಡಿ" ಅನ್ನುತ್ತಿದ್ದ.

ಅಪ್ಪ ಮನೆಯ ಮುಂಭಾಗಕ್ಕೆಲ್ಲ ಹೊಳೆಯುವ ಟೈಲ್ಸ್ ಹಚ್ಚಿಸಿ, ಬಾಗಿಲ ಮೇಲೆ ಲಕ್ಷ್ಮಿಯ ಚಿತ್ರದ ದೊಡ್ಡ ಟೈಲ್ಸ್ ಕೂಡಿಸಿದ್ದ. ಮೊದಲ ಮಳೆಗೇ ಒಳಗೆ ಸೋರಿ, ಮಗ್ಗದ ಮೇಲೆ ನಾವೇ ನೇಯುತ್ತಿದ್ದ ಅಕ್ಕನ ಮದುವೆ ಸೀರೆ ಕಲೆಯಾಯಿತು. ಸೋರುವುದು ನಿಲ್ಲದೆ ಇನ್ನೊಂದು ಸೀರೆ ನೇಯುವಂತಿರಲಿಲ್ಲ.

ಅಪ್ಪ ಕರೆಸಿದ ಗೌಂಡಿ ಏಣಿ ಹತ್ತಿ, ಕೆಳಗಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲಿಗೆ ಪೈಪಿನಿಂದ ನೀರು ಬಿಟ್ಟ. ಒಳಗೆ ನಿಂತ ಅಪ್ಪ, "ಬಂದಿಲ್ಲೋ, ಬಂದಿಲ್ಲೋ" ಎಂದು ಕೂಗುತ್ತಿದ್ದ. ನೀರು ಲಕ್ಷ್ಮಿಯ ಕಿರೀಟ ಮುಟ್ಟಿದ್ದೇ ತಡ, "ಬಂತೋ!" ಎಂದ.

"ಲಕ್ಷ್ಮೀನ ಸೋರಾಕತ್ತಾಳ್ರಿ" ಎಂದು ಗೌಂಡಿ ಉಳಿ ಎತ್ತಿದ.

ಅಜ್ಜಿ ಓಡಿ ಬಂದು ಏಣಿ ಹಿಡಿದಳು. "ಲೇ ಖೋಡಿ, ದೇವರಿಗೆ ಉಳಿ ಹಚ್ಚತೀಯಾ? ಏಣಿ ಅಳಗಾಡಸ್ತೇನಿ ನೋಡು!"

ಗೌಂಡಿ ಉಳಿ ಬಗಲಿಗಿಟ್ಟು ಲಕ್ಷ್ಮಿಗೆ ಕೈ ಮುಗಿದ. "ಯವ್ವಾ, ನಿನ್ನ ಬೆನ್ನ ತೊಯ್ದು ತಪ್ಪಡಿ ಆಗೇತಿ. ಮುದುಕಿಗೆ ಮಾರಿ ಅಷ್ಟ ಕಾಣತೈತಿ. ನೀನ ಹೇಳು."

ಅಜ್ಜಿಗೆ ನಗು ತಡೆಯಲಿಲ್ಲ. ಏಣಿ ಬಿಟ್ಟು ಸೆರಗೊಡ್ಡಿ ನಿಂತಳು. ಗೌಂಡಿ ಸಂದಿಗೆ ಉಳಿ ಹಾಕಿ ಎಬ್ಬಿಸಿದ; ಲಕ್ಷ್ಮಿ ಇಡಿಯಾಗಿ ಸೆರಗಿಗೆ ಇಳಿದಳು. ಹಿಂದೆ ಸಿಮೆಂಟೇ ಇರದ ಪೊಳ್ಳು, ಅದರ ತುಂಬ ನೀರು. ಗೌಂಡಿ ಅದನ್ನು ತುಂಬುವವರೆಗೂ ಅಜ್ಜಿ ಲಕ್ಷ್ಮಿಯ ಬೆನ್ನು ಒರೆಸುತ್ತ ಕೂತಳು. ಆಮೇಲೆ ಅವನು ಲಕ್ಷ್ಮಿಯನ್ನು ಮತ್ತೆ ಅಲ್ಲೇ ಕೂಡಿಸಿ ಸಂದು ಮುಚ್ಚಿದ.

ಮತ್ತೆ ಸೋರಲಿಲ್ಲ. ಹೊಸ ಸೀರೆಯುಟ್ಟೇ ಅಕ್ಕನ ಮದುವೆಯಾಯಿತು. ಊಟಕ್ಕೆ ಗೌಂಡಿಯನ್ನು ಬೀಗರ ಸಾಲಿನಲ್ಲಿ ಕೂಡಿಸಿ, ಅಜ್ಜಿ ತಾನೇ ಬುಂದೆ ಬಡಿಸಿದಳು. "ಉಣ್ಣಲೇ, ಲಕ್ಷ್ಮೀನ್ನ ಕೆಳಗ ಇಳಿಸಿದಾಂವ!"