ಫ್ರಿಜ್ಜಿನಲ್ಲಿ ಗಡಿ ಕಾಯ್ದ ಪುಸ್ತಕ

ಆವತ್ತು ನೀರು ಸೋಸಿ ತುಂಬಿದೆ, ಜೋಳ ಬೀಸಿಸಿಕೊಂಡು ಬಂದೆ, ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದೆ, ಮಿರಜದ ಆಸ್ಪತ್ರೆಗೆ ಒಯ್ಯಲು ಅತ್ತೆಯ ಚೀಲ ಕಟ್ಟಿದೆ. ಮರುದಿನ ಅವರ ಕಣ್ಣಿನ ಪೊರೆ ತೆಗೆಯುವವರಿದ್ದರು. ಆಮೇಲೆ ಕೆಲವು ದಿನ ಓದುವಂತಿಲ್ಲ. ಅವರು ಓದುತ್ತಿದ್ದ ಕತೆ ಪುಸ್ತಕದ ಕೊನೆಯ ಅಧ್ಯಾಯವೊಂದು ಉಳಿದಿತ್ತು. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಅತ್ತೆಯದು ಅದರ ಮೇಲೊಂದು ನೇಮ, ಊಟವಾದ ಮೇಲೆ ಕತೆಯೂ ಇಲ್ಲ, ಬರೀ ಜಪ.

ಅವರು ಓದುವುದು ಎಲೆಕ್ಟ್ರಾನಿಕ್ ಕಾಗದದ ಪಾಟಿಯಲ್ಲಿ, ಅಂದರೆ ಇ-ರೀಡರಿನಲ್ಲಿ. ಅಕ್ಷರವನ್ನು ಬದನೆಕಾಯಿಯಷ್ಟು ದೊಡ್ಡದು ಮಾಡಿಕೊಳ್ಳಬಹುದು. ನಾಲ್ಕು ಗಂಟೆಗೆ ನೋಡಿದರೆ ಪಾಟಿಯೇ ಇಲ್ಲ.

ರಜೆಗೆ ಬಂದಿದ್ದ ಮೈದುನ ಸೈನ್ಯದಲ್ಲಿ ಹವಾಲ್ದಾರ. ಇಂಥ ಪಾಟಿಯಲ್ಲಿ ನಕಾಶೆ ಒಯ್ದರೆ ಹೇಗೆ ಎಂದು ಅವನ ಸಾಹೇಬರು ಕೇಳಿದ್ದರಂತೆ. ಮುಂಜಾನೆಯಿಂದ ಅದರದೇ ಪರೀಕ್ಷೆ. ಮಾಳಿಗೆಯ ಬಿಸಿಲಿಗೆ ಹಿಡಿದು, "ಇಲ್ಲಿ ಮೊಬೈಲ್ ಕುರುಡ ಆಗತೈತಿ. ಇದು ನೋಡ್ರಿ ವೈನಿ, ಪಂಚಾಂಗದಂಗ ಸ್ವಚ್ಛ" ಎಂದಿದ್ದ. ಕಾಳಿನ ಕೋಣೆಯ ಕತ್ತಲಲ್ಲೂ ಕೂತಿದ್ದ. ಬೆಳಕು ಬೀರುವುದಿಲ್ಲ, ವೈರಿಗೆ ನಮ್ಮ ಮುಖ ಕಾಣುವುದಿಲ್ಲ ಎಂದ.

"ಕಾಳಿನ ಕೋಣ್ಯಾಗ ವೈರಿ ಯಾರಪ್ಪಾ?"

"ಇಲಿ ಅದಾವಲ್ರಿ."

ಈಗ ಪಾಟಿ ಎಲ್ಲಿ ಎಂದು ಕೇಳಿದರೆ ತಲೆ ಕೆರೆದುಕೊಂಡ. "ಫ್ರಿಜ್ಜಿನಾಗ, ಬರ್ಫದ ಖಾನ್ಯಾಗ. ಗಡಿ ಮ್ಯಾಲ ಥಂಡಿ ಭಾಳ ಇರತೈತಿ. ಹತ್ತ ಮಿನಿಟ ಅಂತ ಇಟ್ಟು ಸಾಂಗ್ಲಿವಾಡಿಗೆ ಹೋಗಿದ್ದೆ."

ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದ, ಅಷ್ಟು ಬುದ್ಧಿ ಇತ್ತು. ಚೀಲದ ಸಮೇತ ಹೊರಗೆ ತೆಗೆದರೆ ಅತ್ತೆ ಬಿಟ್ಟ ಪುಟ ಹಾಗೇ ನಿಂತಿತ್ತು. ಎಷ್ಟು ಒತ್ತಿದರೂ ಮುಂದಿನದು ಬರಲೊಲ್ಲದು.

"ಸಿಪಾಯಿ," ಅಂದರು ಅತ್ತೆ, "ನನ್ನ ಅಧ್ಯಾಯಕ್ಕ ಹೊದಿಕಿ ಹೊಚ್ಚು."

ಒಳಗೆ ತೇವ ಕೂಡಬಾರದೆಂದು ಚೀಲ ಬಿಚ್ಚದೆ, ಮೇಲೊಂದು ಶಾಲು ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಅತ್ತೆ ಎರಡು ಸಲ ಬಾಗಿಲಿಗೆ ಹೋಗಿ ಸೂರ್ಯನನ್ನು ನೋಡಿ ಬಂದರು. ಮುಕ್ಕಾಲು ಗಂಟೆಯಾದ ಮೇಲೆ ಪುಟ ತಿರುಗಿತು, ಹೊಸ ಸಾಲಿನ ಹಿಂದೆ ಹಳೇ ಸಾಲಿನ ನೆರಳು ಇಟ್ಟುಕೊಂಡೇ.

"ಎಮ್ಮಿ ಮಗ್ಗಲು ಬದಲಿಸಿದಂಗ ತಿರಗತೈತಿ," ಎನ್ನುತ್ತಲೇ ಓದಿದರು. "ನಿನ್ನ ಸಾಹೇಬ್ರಿಗೆ ಬರಕೊ. ಕುಂತು ನೋಡಾವಗ ಛಲೋ, ಓಡಾವಗ ಅಲ್ಲ. ಥಂಡ್ಯಾಗ ಅದಕ್ಕೂ ಒಂದು ಸ್ವೆಟರ್ ಬೇಕು."

ಅವನು ನಿಜವಾಗಿಯೂ ಬರೆದುಕೊಂಡ. ಬಿಸಿಲು ಎದುರುಮನೆಯ ನೀರಿನ ಟಾಕಿಯ ಮೇಲಷ್ಟೇ ಉಳಿದಾಗ ಅತ್ತೆ ಅಧ್ಯಾಯ ಮುಗಿಸಿ ಪಾಟಿ ಮುಚ್ಚಿದರು.

"ಕಡೀಕ ಏನಾತವ್ವಾ?" ಎಂದ ಮೈದುನ.

"ಹೇಳಂಗಿಲ್ಲ. ನೀ ಓದು."

ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಹೆಸರುಬೇಳೆ ಸಾರು, ಮಜ್ಜಿಗೆ ಉಂಡೆವು. ಅತ್ತೆ ಜಪಮಣಿ ಹಿಡಿದಲ್ಲೇ ಎಲ್ಲರಿಗಿಂತ ಮೊದಲು ಮಲಗಿಬಿಟ್ಟರು.